ಕೌದಿಗೆ ರೇಟು ಕೇಳಬೇಡಿ

ಕಳೆದ ಮಳೆಗಾಲದಲ್ಲಿ ಹಿರಿಯ ಮಗಳು ಚೊಚ್ಚಲ ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಳು. ಪಿಯುಸಿ ಮುಗಿಸಿ ಮನೆಯಲ್ಲಿದ್ದ ಕಿರಿಯವಳು ಹುಟ್ಟಲಿರುವ ಮಗುವಿಗೆ ಕೌದಿ ಹೊಲಿಯಲು ಕುಳಿತಳು. ಹೊಸ ಬಟ್ಟೆ ಏನೂ ತಂದದ್ದಲ್ಲ. ನಮ್ಮದೇ ಎರಡು ಹಳೆಯ ಬಿಳಿ ಮುಂಡು, ಅಜ್ಜಿಯ ಒಂದು ಹತ್ತಿ ಸೀರೆ, ಟೈಲರ್ ಅಂಗಡಿಯಿಂದ ಕೇಳಿ ತಂದ ಒಂದು ಚೀಲ ತುಂಡು ಬಟ್ಟೆ, ಅಷ್ಟೇ. ಮಗ್ರಿಬ್ ಆದ ಮೇಲೆ ಸೂಜಿ ಹಿಡಿದರೆ ಇಶಾ ಬಾಂಗ್ ಕೇಳುವವರೆಗೆ ಏಳುತ್ತಿರಲಿಲ್ಲ. ಎರಡು ದಿನ ನೋಡಿದ ನಾವು, "ಈ ಹೊತ್ತಿನಲ್ಲಿ ನಾಲ್ಕು ಪುಟ ಓದಬಹುದಿತ್ತಲ್ಲ" ಎಂದು ಗೊಣಗಿದ್ದು ಹೌದು. ಮದ್ರಸದಲ್ಲಿ ಪಾಠ ಹೇಳುವವರ ಬಾಯಿ ಸುಮ್ಮನೆ ಕೂರುವುದಿಲ್ಲ.

ಹತ್ತಿರ ಕುಳಿತು ನೋಡಿದ ಮೇಲೆ ನಮ್ಮ ಗೊಣಗಾಟ ನಿಂತಿತು. ಅವಳು ಹೊಲಿಯುತ್ತಿದ್ದದ್ದು ನಮ್ಮ ಉತ್ತರ ಕನ್ನಡದ ಸಿದ್ದಿ ಹೆಂಗಸರ ಕ್ರಮದಲ್ಲಿ. ಮೊಬೈಲಿನಲ್ಲಿ ನೋಡಿ ಕಲಿತದ್ದಂತೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಇರುವ ಸಿದ್ದಿಗಳು ಆಫ್ರಿಕಾ ಮೂಲದವರು. ಅವರಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ. ಅವರ ಕೌದಿಗೆ ಕವಂದಿ ಎಂದು ಹೆಸರು. ಅಡಿಗೆ ಹಳೆಯ ಸೀರೆ ಹಾಸಿ, ಅಂಚಿನಿಂದ ಹೊಲಿಗೆ ಶುರು ಮಾಡುತ್ತಾರೆ. ತುಂಡುಗಳನ್ನು ಒಂದೊಂದಾಗಿ ಇಟ್ಟು, ಅಂಚು ಒಳಗೆ ಮಡಚಿ, ಸಣ್ಣ ಸಣ್ಣ ಓಟದ ಹೊಲಿಗೆ ಹಾಕುತ್ತಾ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಲ್ಲಿ ಬಟ್ಟೆ ಮಡಚಿ ಮಾಡಿದ 'ಫೂಲ' ಇಡಬೇಕು. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಎಂಬುದು ಅವರ ಲೆಕ್ಕ! ತೊಟ್ಟಿಲ ಮಕ್ಕಳ ಕವಂದಿಯಲ್ಲಂತೂ ಬಣ್ಣದ ತುಂಡುಗಳು ಇನ್ನೂ ಹೆಚ್ಚು.

ಮಗು ಹುಟ್ಟಿತು, ಅಲ್ಹಮ್ದುಲಿಲ್ಲಾಹ್. ಏಳನೇ ದಿನ ಕೂದಲು ತೆಗೆದು, ಹೆಸರಿಟ್ಟು, ಅಕೀಕಾ ಮಾಡಿದೆವು. ಬಂದ ನೆಂಟರು ಕೌದಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಮೊದಲು ಬಂದ ಪ್ರಶ್ನೆ ಎಂತದು ಗೊತ್ತುಂಟಾ? "ಒಂದಕ್ಕೆ ಎಷ್ಟು ಸಿಗುತ್ತದೆ?" ಎರಡನೆಯದು, "ಇನ್‌ಸ್ಟಾಗ್ರಾಂನಲ್ಲಿ ಹಾಕಿದರೆ ಒಳ್ಳೆ ಬಿಸಿನೆಸ್ ಅಲ್ಲವಾ?"

ಹಾಕಿದಳು. ನಾಲ್ಕು ಆರ್ಡರ್ ಬಂತು. ಒಬ್ಬರಿಗೆ ಫೋಟೋದಲ್ಲಿದ್ದ ಹಸಿರೇ ಬೇಕು, ಇನ್ನೊಬ್ಬರಿಗೆ ಶುಕ್ರವಾರದೊಳಗೆ ಬೇಕು, ಮತ್ತೊಬ್ಬರು ಹಳೆ ಬಟ್ಟೆಗೆ ಇಷ್ಟು ಹಣವಾ ಎಂದು ಚೌಕಾಸಿ ಮಾಡಿದರು. ಮೂರನೆಯದು ಮುಗಿಯುವಾಗ ಅವಳ ಮುಖದಲ್ಲಿ ಉತ್ಸಾಹ ಇರಲಿಲ್ಲ. ನಾಲ್ಕನೆಯವರ ಅಡ್ವಾನ್ಸ್ ವಾಪಸ್ ಮಾಡಿ, ಸೂಜಿ ನೂಲು ಬಿಸ್ಕೆಟ್ ಡಬ್ಬಕ್ಕೆ ಹಾಕಿ ಅಟ್ಟಕ್ಕೆ ಏರಿಸಿದಳು. "ಉಪ್ಪಾ, ನನಗೆ ಹೊಲಿಯಲು ಇಷ್ಟ. ಲೆಕ್ಕ ಕೊಡಲು ಇಷ್ಟ ಇಲ್ಲ" ಎಂದಳು.

ಆ ಮಾತು ನಮ್ಮನ್ನು ಬಹಳ ದಿನ ಬಿಡಲಿಲ್ಲ. ನಮ್ಮ ಮನೆಗಳ ಹೆಂಗಸರ ಕೈಗೆ ಲೆಕ್ಕ ಹೊಸದಲ್ಲ. ನಮ್ಮ ಉಮ್ಮಂದಿರು ಬೀಡಿ ಕಟ್ಟಿದ್ದು ಸಾವಿರದ ಲೆಕ್ಕದಲ್ಲಿ. ಬ್ರಾಂಚಿಗೆ ಕೊಂಡು ಹೋದರೆ ಅಲ್ಲಿ ಇದು ಸರಿಯಿಲ್ಲ, ಅದು ಸರಿಯಿಲ್ಲ ಎಂದು ಒಂದಷ್ಟು ಪಕ್ಕಕ್ಕೆ ತೆಗೆದಿಡುತ್ತಿದ್ದರು. ಆ ಬೀಡಿಯಿಂದಲೇ ನಮ್ಮ ಶಾಲೆ ಫೀಸು, ತಂಗಿಯಂದಿರ ಮದುವೆ ಎಲ್ಲ ನಡೆದದ್ದು. ಅದನ್ನು ಕೀಳು ಮಾಡಿ ಹೇಳುವ ನಾಲಿಗೆ ನಮಗಿಲ್ಲ. ಆದರೆ ಲೆಕ್ಕವಿಲ್ಲದೆ, ಬರೀ ಖುಷಿಗೆ ಕೈಯಾಡಿಸುವ ಒಂದು ಗಂಟೆ ಆ ಉಮ್ಮಂದಿರಿಗೆ ಸಿಗಲಿಲ್ಲ. ಈಗ ಅವರ ಮೊಮ್ಮಕ್ಕಳಿಗೆ ಸಿಕ್ಕಿರುವಾಗ ನಾವೇ ಹೋಗಿ ರೇಟು ಕೇಳುವುದೇ?

ಮಾರುವುದು ತಪ್ಪೆಂದು ಹೇಳುತ್ತಿಲ್ಲ. ಸಿದ್ದಿ ಹೆಂಗಸರು 2004ರಲ್ಲಿ ಅಮೆರಿಕದ ಪ್ರೊಫೆಸರ್ ಹೆನ್ರಿ ಡ್ರೂವಲ್ ಅವರ ಜೊತೆ ಸೇರಿ ಸಹಕಾರ ಸಂಘ ಕಟ್ಟಿ ಕವಂದಿ ಮಾರಾಟಕ್ಕಿಟ್ಟರು. ಅವರಿಗೆ ಅದು ಬೇಕಿತ್ತು. ಬೇಕಾದವರು ಮಾರಲಿ. ಬೇಡ ಎನ್ನುವ ಹುಡುಗಿಯನ್ನು ತಳ್ಳಬಾರದು ಎಂದಷ್ಟೇ ನಮ್ಮ ಮಾತು.

ಇನ್ನು, ಇದೆಲ್ಲ ಪುರುಸೊತ್ತಿನವರ ಕೆಲಸ ಎನ್ನುವವರೂ ಇದ್ದಾರೆ. ಪ್ರವಾದಿಯವರು (ಸ) ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಚಪ್ಪಲಿಯನ್ನೂ ತಾವೇ ಸರಿಪಡಿಸಿಕೊಳ್ಳುತ್ತಿದ್ದರು ಎಂದು ಆಯಿಶಾ (ರ) ಅವರಿಂದ ವರದಿಯಾಗಿದೆ. ಇದನ್ನು ನಾವು ಮಕ್ಕಳಿಗೆ ವರ್ಷ ವರ್ಷವೂ ಪಾಠ ಮಾಡುತ್ತೇವೆ. ಮನೆಗೆ ಬಂದು ಸೂಜಿ ಕಂಡರೆ ಮಾತ್ರ ಮರೆತುಬಿಡುತ್ತೇವೆ.

ಹೊಲಿಯಲು ಹೊರಟವರಿಗೆ ನಾಲ್ಕು ಮಾತು. ನಮ್ಮ ಕರಾವಳಿಯ ಸೆಕೆಗೆ ಮೂರು ಪದರ ಧಾರಾಳ ಸಾಕು, ದಪ್ಪ ಮಾಡಿದರೆ ಮಳೆಗಾಲದಲ್ಲಿ ಒಣಗದೆ ವಾಸನೆ ಬರುತ್ತದೆ. ಹಳೆಯ ಹತ್ತಿ ಬಟ್ಟೆಯೇ ಒಳ್ಳೆಯದು, ತೊಳೆದು ತೊಳೆದು ಮೆತ್ತಗಾಗಿರುತ್ತದೆ. ಬಟನ್, ಮಣಿ, ಮಿಂಚುವ ಚಮ್ಕಿ ಬೇಡವೇ ಬೇಡ. ಕಿತ್ತು ಬಂದರೆ ಮಗುವಿನ ಬಾಯಿಗೇ ಹೋಗುವುದು. ಒಂದು ವರ್ಷದೊಳಗಿನ ಮಗು ಮಲಗಿದಾಗ ಸಡಿಲ ಹೊದಿಕೆ ಹಾಕಬಾರದು, ಉಸಿರು ಕಟ್ಟುವ ಅಪಾಯ ಉಂಟು ಎಂದು ಡಾಕ್ಟರುಗಳು ಹೇಳುತ್ತಾರೆ. ಆದ್ದರಿಂದ ಮಗು ಎಚ್ಚರ ಇರುವಾಗ ನೆಲಕ್ಕೆ ಹಾಸಿ ಆಡಿಸಲು ಇರಲಿ. ಎದ್ದೇಳುವ ಮೊದಲು ಸೂಜಿ ಎಣಿಸಿ. ಈ ಒಂದು ಲೆಕ್ಕ ಮಾತ್ರ ತಪ್ಪಬಾರದು.

ಮೊನ್ನೆ ಅಟ್ಟದಿಂದ ಬಿಸ್ಕೆಟ್ ಡಬ್ಬ ಕೆಳಗಿಳಿದಿದೆ. ನಮ್ಮ ಇನ್ನೊಂದು ಮುಂಡೂ ಕಾಣುತ್ತಿಲ್ಲ. ಯಾರ ಮಗುವಿಗೆ ಎಂದು ನಾವು ಕೇಳಲಿಲ್ಲ.