ಕಲ್ಲಿನ ತಾಯಿಯೂ ಕಾಡಿನ ತಾಯಿಯೂ

ವಿಜ್ಞಾನ ಕಥೆಯೆಂದರೆ ಬಾಲಕರು ಹೊತ್ತು ಕಳೆಯುವ ಸಾಧನವೆಂಬ ಭಾವನೆ ಹಿರಿಯರಲ್ಲಿ ಇಂದಿಗೂ ಉಳಿದಿದೆ. ಹಾರುವ ನೌಕೆ, ಬೆಳಕನ್ನುಗುಳುವ ಬಂದೂಕು, ವಿಕಾರರೂಪದ ಅನ್ಯಲೋಕವಾಸಿ ಇಷ್ಟನ್ನೇ ಕಂಡವರಿಗೆ ಹಾಗೆ ತೋರುವುದು ಸಹಜವೇ ಸರಿ. ಆದರೆ ಉತ್ತಮ ವಿಜ್ಞಾನ ಕಥೆಯು ದೂರದ ಲೋಕವೊಂದನ್ನು ನೆಪವಾಗಿರಿಸಿಕೊಂಡು ನೋಡುಗನ ಸ್ವಂತ ಊರಿನ ಪ್ರಶ್ನೆಯನ್ನೇ ಅವನ ಮುಂದಿಡುತ್ತದೆ. ಅಮೆರಿಕದ 'ಸ್ಟಾರ್ ಟ್ರೆಕ್' ಎಂಬ ದೂರದರ್ಶನ ಮಾಲಿಕೆಯ ಕಂತೊಂದು ಇದಕ್ಕೆ ತಕ್ಕ ನಿದರ್ಶನ. ಜೀನ್ ಎಲ್. ಕೂನ್ ಎಂಬುವರು ಬರೆದ ಆ ಕಂತು ಮೊದಲು ಪ್ರಸಾರವಾದದ್ದು 1967ರ ಮಾರ್ಚ್ 9ರಂದು. ಅದರ ಹೆಸರು 'ದಿ ಡೆವಿಲ್ ಇನ್ ದಿ ಡಾರ್ಕ್', ಅಂದರೆ ಕತ್ತಲೆಯೊಳಗಿನ ಪಿಶಾಚಿ. 1980ರ ದಶಕದಲ್ಲಿ ಭಾರತದ ದೂರದರ್ಶನವೂ ಈ ಮಾಲಿಕೆಯನ್ನು ತೋರಿಸಿತ್ತು. ಕುದೇರಿನ ಸೀಮೆಯ ನೋಡುಗನು ಇಂದು ಆ ಕಂತನ್ನು ಕಂಡರೆ, ಅದು ಅನ್ಯಲೋಕದ ಕಥೆಯೆಂದು ಅವನಿಗೆ ಅನ್ನಿಸಲಾರದು.

ಕಥೆ ನಡೆಯುವುದು ದೂರದ ಗ್ರಹವೊಂದರ ಗಣಿಯಲ್ಲಿ. ಅಲ್ಲಿ ಸುಮಾರು ಐವತ್ತು ಮಂದಿ ಕಾರ್ಮಿಕರು ಒಬ್ಬೊಬ್ಬರಾಗಿ ಸತ್ತಿದ್ದಾರೆ. ಕಲ್ಲನ್ನು ಆಮ್ಲದಿಂದ ಕರಗಿಸಿ, ಅದರೊಳಗೇ ದಾರಿ ಮಾಡಿಕೊಂಡು ಸಂಚರಿಸುವ ಪ್ರಾಣಿಯೊಂದು ಅವರನ್ನು ಸುಟ್ಟು ಕೊಲ್ಲುತ್ತಿದೆ. ಅದನ್ನು ಕೊಲ್ಲಲೆಂದು ನಾಯಕನಾದ ಕರ್ಕನೂ ಅವನ ಸಂಗಡಿಗ ಸ್ಪಾಕನೂ ಬರುತ್ತಾರೆ. ಸುರಂಗದಲ್ಲಿ ಗಾಯಗೊಂಡ ಪ್ರಾಣಿಯೆದುರು ಒಬ್ಬನೇ ನಿಂತ ಕರ್ಕನು ಆಯುಧವನ್ನು ಪ್ರಯೋಗಿಸದೆ ತಡೆಯುತ್ತಾನೆ. ಅನ್ಯರ ಮನಸ್ಸಿನೊಡನೆ ತನ್ನ ಮನಸ್ಸನ್ನು ಬೆಸೆಯಬಲ್ಲ ಸ್ಪಾಕನು ಆ ಪ್ರಾಣಿಯ ನೋವನ್ನು ತಾನೇ ಉಂಡು, ಅದು ತಾಯಿಯೆಂದು ತಿಳಿಯುತ್ತಾನೆ. ಗಣಿಯವರು ನಿರುಪಯೋಗಿ ಖನಿಜದ ಉಂಡೆಗಳೆಂದು ಒಡೆದು ಎಸೆದದ್ದು ಅದರ ಮೊಟ್ಟೆಗಳನ್ನು! ಐವತ್ತು ಸಾವಿರ ವರ್ಷಗಳಿಗೊಮ್ಮೆ ಆ ಕುಲವೆಲ್ಲ ಅಳಿದು, ಮೊಟ್ಟೆಗಳ ಕಾವಲಿಗೆ ಒಂದೇ ಒಂದು ತಾಯಿ ಉಳಿಯುತ್ತದೆಯಂತೆ. ಕೊಂದದ್ದು ಅದೇ ತಾಯಿ.

ಈ ಕಥೆಯ ಸ್ಥಳವನ್ನು ಊಹಿಸಿಕೊಳ್ಳಲು ಚಾಮರಾಜನಗರದ ಜನರು ಶ್ರಮಪಡಬೇಕಾಗಿಲ್ಲ. ಇಲ್ಲಿಯ ಕರಿಕಲ್ಲು ಹೊರದೇಶಗಳಿಗೂ ಹೋಗಿ ಹೆಸರು ಪಡೆದಿದೆ. ನೆಲವನ್ನು ಅಗೆದು ಬದುಕುವವರ ಕಷ್ಟವೇನೆಂಬುದು ಇಲ್ಲಿ ಕಂಡ ಮಾತು. ಆದರೆ ನೋಡುಗನ ಎದೆಗೆ ತಾಕುವುದು ಕಲ್ಲಲ್ಲ, ತಾಯಿ. 2025ರ ಜೂನ್ ತಿಂಗಳ ಕೊನೆಯಲ್ಲಿ ಇದೇ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ಹೆಣ್ಣುಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತೆಂದು ತನಿಖೆಯಿಂದ ತಿಳಿದುಬಂದಿತು. ಹುಲಿಯನ್ನೇ ವಾಹನವಾಗಿ ಮಾಡಿಕೊಂಡ ಮಾದಪ್ಪನ ಬೆಟ್ಟದ ಕಾಡಿನಲ್ಲಿ, ಆತನ ಹುಲಿವಾಹನಕ್ಕೆ ಕೈಮುಗಿಯುವ ನಾಡಿನಲ್ಲಿ ಈ ಕೃತ್ಯ ನಡೆಯಿತು.

ಇಲ್ಲಿ ನಿಂತು ವಿಷವಿಟ್ಟ ಕೈಯನ್ನು ಶಪಿಸಿ ಸುಮ್ಮನಾಗುವುದು ಸುಲಭ. ಕೃತ್ಯ ಅಪರಾಧವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಸುವಿನ ಕಡೆಯ ಮಾತನ್ನೂ ಕೇಳಬೇಕಲ್ಲವೆ? ಜಿಲ್ಲಾ ಹಾಲು ಒಕ್ಕೂಟದ ಡೈರಿಯಿರುವ ಕುದೇರಿನಲ್ಲಿ ಒಂದು ಕರೆಯುವ ಹಸುವಿನ ಬೆಲೆಯನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅದು ಬಡವನ ಮನೆಯ ವಾರದ ಬಟವಾಡೆ, ಮಗಳ ಶಾಲೆಯ ಶುಲ್ಕ, ಅಂಗಡಿಯ ಸಾಲಕ್ಕೆ ಜಾಮೀನು. 2025ರ ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದ ಜನರು, ಹುಲಿ ಹಿಡಿಯಲೆಂದು ಇರಿಸಿದ್ದ ಬೋನಿನೊಳಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಅದು ಒಪ್ಪತಕ್ಕ ನಡತೆಯಲ್ಲ. ಆದರೂ ತಮ್ಮ ಮಾತು ಯಾರ ಕಿವಿಗೂ ಬೀಳದೆಂಬ ಹತಾಶೆಯ ಕೂಗು ಅದರಲ್ಲಿತ್ತೆಂಬುದನ್ನು ಮರೆಯಲಾಗದು.

ದೂರದರ್ಶನದ ಕಥೆ ದುರ್ಬಲವಾಗುವುದು ಇಲ್ಲಿಯೇ. ಅದರ ಕೊನೆಯಲ್ಲಿ ಒಪ್ಪಂದ ಬಹು ಸುಲಭವಾಗಿ ಏರ್ಪಡುತ್ತದೆ. ಮರಿಗಳು ಬೆಳೆದು ಕಲ್ಲನ್ನು ಕೊರೆಯುತ್ತವೆ, ಗಣಿಯವರು ಹೊರಬಿದ್ದ ಖನಿಜವನ್ನು ಆರಿಸಿಕೊಂಡು ಶ್ರೀಮಂತರಾಗುತ್ತಾರೆ. ದಯೆ ತೋರಿದವರಿಗೆ ಕೂಡಲೇ ಲಾಭ! ಲೋಕದಲ್ಲಿ ಹೀಗಾಗುವುದು ಅಪರೂಪ. ಕಥೆಯ ಪ್ರಾಣಿಯು ತನ್ನನ್ನು ಕೊಲ್ಲಬೇಡಿರೆಂದು ಕಲ್ಲಿನ ಮೇಲೆ ಬರೆದು ತಿಳಿಸಿತು. ಕಾಡಿನ ಹುಲಿಗೆ ಅಕ್ಷರವಿಲ್ಲ. ಹುಲಿ ಉಳಿದರೆ ಕಾಡು ಉಳಿದೀತು, ಕಾಡು ಉಳಿದರೆ ಹೊಳೆಗಳಿಗೆ ನೀರು ಉಳಿದೀತು ಎಂಬ ಮಾತು ನಿಜವೇ. ಆ ನೀರಿನ ಫಲವನ್ನು ಮೈಸೂರು ಬೆಂಗಳೂರುಗಳೂ ಉಣ್ಣುತ್ತವೆ. ಆದರೆ ಹಸುವನ್ನು ಕಳೆದುಕೊಳ್ಳುವವನು ಕಾಡಂಚಿನ ಒಬ್ಬ ರೈತ. ಲಾಭ ಎಲ್ಲರದು, ನಷ್ಟ ಒಬ್ಬನದು ಎಂಬ ಸ್ಥಿತಿಯಿರುವ ತನಕ ದಯೆಯ ಉಪದೇಶವು ಆ ಒಬ್ಬನ ಕಿವಿಗೆ ಕಟುವಾಗಿಯೇ ಕೇಳಿಸುತ್ತದೆ.

ಶರಣರು ದಯೆಯನ್ನು ಸಕಲ ಜೀವಿಗಳಿಗೂ ಚಾಚಿದರು. ಅದರೊಡನೆಯೇ ದಾಸೋಹವೆಂಬ ತತ್ತ್ವವನ್ನೂ ಕೊಟ್ಟರೆಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಕಾಯಕದಿಂದ ಬಂದುದನ್ನು ಹಂಚಿಕೊಳ್ಳುವುದು ದಾಸೋಹ. ಹಾಗಾದರೆ ಇನ್ನೊಬ್ಬನಿಗೆ ಬಂದ ನಷ್ಟವನ್ನು ಹಂಚಿಕೊಳ್ಳುವುದೂ ದಾಸೋಹವೇ ಅಲ್ಲವೆ? ಹಸು ಸತ್ತ ಮನೆಗೆ ಸರ್ಕಾರದ ಪರಿಹಾರ ತಡವಿಲ್ಲದೆ ತಲುಪಬೇಕು. ಅದು ತಲುಪುವವರೆಗೆ ಊರಿನ ಹಾಲಿನ ಸಂಘ, ಮಠ, ಉಳ್ಳವರು ಆ ಮನೆಯ ಒಲೆ ಆರದಂತೆ ನೋಡಿಕೊಳ್ಳಬೇಕು. ಹೀಗಾದರೆ ವಿಷದ ಕಡೆಗೆ ಚಾಚುವ ಕೈಗಳಲ್ಲಿ ಹಲವಾದರೂ ಹಿಂದೆ ಸರಿದಾವು. ಹಂಚಿಕೆಯಿಲ್ಲದ ದಯೆ ಬರಿಯ ಮಾತು.

ಬಂಡೀಪುರವು 1973ರಲ್ಲಿ ದೇಶದ ಮೊದಲ ಹುಲಿ ಯೋಜನೆಯ ಕಾಡುಗಳಲ್ಲೊಂದಾಯಿತು. ಬಿಳಿಗಿರಿರಂಗನ ಬೆಟ್ಟವು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆನಿಸಿತು. ಎರಡರ ನಡುವಣ ಈ ಬಯಲಿನ ಶಾಲೆಗಳಲ್ಲಿ ಕಲಿಯುವ ಮಕ್ಕಳ ಪೈಕಿ ನಾಳೆ ಒಬ್ಬ ಅರಣ್ಯಾಧಿಕಾರಿಯಾದಾನು, ಇನ್ನೊಬ್ಬ ದನಗಾಹಿಯಾಗಿಯೇ ಉಳಿದಾನು. ಒಂದೇ ಬೆಂಚಿನಲ್ಲಿ ಕುಳಿತ ಇವರಿಬ್ಬರೂ ಮುಂದೆ ಬೋನಿನ ಎರಡು ಕಡೆ ನಿಲ್ಲಬಾರದೆಂದಾದರೆ, ಒಬ್ಬರ ನೋವನ್ನು ಇನ್ನೊಬ್ಬರು ಕೇಳಿಸಿಕೊಳ್ಳುವ ಅಭ್ಯಾಸ ಈಗಲೇ ಆಗಬೇಕು. ಸ್ಪಾಕನಿಗಿದ್ದ ಸಿದ್ಧಿ ಮನುಷ್ಯರಿಗಿಲ್ಲ. ತಾಳ್ಮೆಯಿಂದ ಕೇಳುವ ಕಿವಿ ಮಾತ್ರ ಎಲ್ಲರಿಗೂ ಇದೆ. ಉಪಾಧ್ಯಾಯರು ಮಕ್ಕಳನ್ನು ಕೂರಿಸಿಕೊಂಡು ಈ ಕಂತನ್ನು ಒಮ್ಮೆ ತೋರಿಸಲಿ. ತೋರಿಸಿದ ಮೇಲೆ ಹುಲಿಯ ಪರವಾಗಿ ಒಂದು ಪ್ರಶ್ನೆಯನ್ನೂ ಹಸುವಿನ ಒಡೆಯನ ಪರವಾಗಿ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ. ಎರಡಕ್ಕೂ ಉತ್ತರ ಹುಡುಕುವ ಮಗುವೇ ವಿದ್ಯೆಗೆ ಭೂಷಣ.