ಕೂಸಿಗಿಂತ ಮುಂಚೆ ಕುಲಾವಿ, ನಕ್ಷೆಗಿಂತ ಮುಂಚೆ ಅನಿಲ

ಸ್ಟಾರ್ಟಪ್ ಪಿಚ್ ಕೇಳಿದವರಿಗೆಲ್ಲ ಆ ಮೊದಲ ಸ್ಲೈಡ್ ಗೊತ್ತು. ದೇಶದಲ್ಲಿ ನೂರ ನಲವತ್ತು ಕೋಟಿ ಜನ ಇದ್ದಾರೆ, ಎಲ್ಲರೂ ಹಲ್ಲುಜ್ಜುತ್ತಾರೆ, ಆದ್ದರಿಂದ ನಮ್ಮ ಆಪ್‌ಗೆ ನೂರ ನಲವತ್ತು ಕೋಟಿ ಗಿರಾಕಿಗಳು! ನಾವು ಒಳಗೊಳಗೇ ನಗ್ತೀವಿ. ಅದೇ ಲೆಕ್ಕವನ್ನು ನೆಲದಡಿಯ ಅನಿಲದ ಬಗ್ಗೆ ಹೇಳಿದರೆ ಮಾತ್ರ ಹೆಮ್ಮೆಯಿಂದ ಫಾರ್ವರ್ಡ್ ಮಾಡ್ತೀವಿ.

ಕಲ್ಲಿದ್ದಲು ಪದರಗಳಲ್ಲಿ ಅಡಗಿರುವ ಮೀಥೇನ್, ಅಂದರೆ ಸಿಬಿಎಂ, ನಮ್ಮ ದೇಶದಲ್ಲಿ ಸುಮಾರು 92 ಲಕ್ಷ ಕೋಟಿ ಘನ ಅಡಿ ಇದೆ ಅನ್ನೋದು ಸರ್ಕಾರಿ ಅಂದಾಜು. ಇದಕ್ಕೆಂದೇ ನೀತಿ ಬಂದಿದ್ದು 1997ರಲ್ಲಿ. ಕಾಲು ಶತಮಾನ ಕಳೆದ ಮೇಲೂ, 2021-22ರಲ್ಲಿ, ನಮ್ಮ ನೈಸರ್ಗಿಕ ಅನಿಲ ಉತ್ಪಾದನೆಯಲ್ಲಿ ಇದರ ಪಾಲು ನೂರಕ್ಕೆ ಎರಡರ ಆಸುಪಾಸು. ಬೇಕಾದ ಅನಿಲದ ಸರಿಸುಮಾರು ಅರ್ಧವನ್ನು ಹಡಗಿನಲ್ಲಿ ತರಿಸ್ತಾ ಇದ್ದೀವಿ. ಹಾಗಾದರೆ ಆ 92 ಎಲ್ಲಿ ಹೋಯ್ತು ಸ್ವಾಮಿ?

ಎಲ್ಲೂ ಹೋಗಿಲ್ಲ. ಎಲ್ಲಿದೆ ಅಂತ ಸರಿಯಾಗಿ ಗೊತ್ತಿಲ್ಲ, ಅಷ್ಟೇ.

ಸಿಬಿಎಂ ಸಿಲಿಂಡರಿನೊಳಗಿನ ಗ್ಯಾಸಿನಂತೆ ಕೂತಿರೋದಿಲ್ಲ. ಕಲ್ಲಿದ್ದಲಿನ ಸೂಕ್ಷ್ಮ ರಂಧ್ರಗಳ ಗೋಡೆಗೆ ಅಂಟಿಕೊಂಡಿರುತ್ತೆ, ಸುತ್ತಲಿನ ನೀರಿನ ಒತ್ತಡ ಅದನ್ನು ಹಿಡಿದಿಟ್ಟಿರುತ್ತೆ. ಬಾವಿ ಕೊರೆದು ತಿಂಗಳುಗಟ್ಟಲೆ ನೀರು ಹೊರಹಾಕಿದ ಮೇಲೆ ಒತ್ತಡ ಇಳಿದು ಅನಿಲ ಬಿಡಿಸಿಕೊಳ್ಳುತ್ತೆ. ಅದು ಬಾವಿಯವರೆಗೆ ಬರೋ ದಾರಿ ಕಲ್ಲಿದ್ದಲಿನಲ್ಲಿರುವ ಸಹಜ ಸೀಳುಗಳು. ಆ ಸೀಳುಗಳ ದಿಕ್ಕು ಯಾವುದು? ಪದರ ಎಷ್ಟು ದಪ್ಪ, ಎತ್ತ ವಾಲಿದೆ, ಎಲ್ಲಿ ಮುರಿದಿದೆ? ಆಳ ಹೆಚ್ಚಾದಂತೆ ಅನಿಲ ಹೆಚ್ಚು, ಆದರೆ ಸೀಳುಗಳು ಬಿಗಿದುಕೊಂಡು ದಾರಿಯೇ ಮುಚ್ಚುತ್ತೆ. ಈ ಎಲ್ಲವನ್ನೂ ಒಂದು ಕಡೆ ಇಟ್ಟು ತೋರಿಸೋದೇ ಭೂವೈಜ್ಞಾನಿಕ ನಕ್ಷೆ.

ಜಾರ್ಖಂಡದ ಝರಿಯಾವನ್ನೇ ತಗೊಳ್ಳಿ. ಅಲ್ಲಿನ ಕಲ್ಲಿದ್ದಲು ಪದರಗಳೊಳಗೆ ಬಹಳ ಹಿಂದೆ ಶಿಲಾರಸ ನುಗ್ಗಿ, ಅಕ್ಕಪಕ್ಕದ ಕಲ್ಲಿದ್ದಲನ್ನು ಬೇಯಿಸಿ ಹಾಕಿದೆ. ಹೀಗೆ ಬೆಂದದ್ದನ್ನು ಅಲ್ಲಿಯವರು ‘ಝಾಮಾ’ ಅಂತಾರೆ. ಕಪ್ಪು ಕಪ್ಪೇ, ಆದರೆ ಮೂಲ ಕಲ್ಲಿದ್ದಲಿನ ಗುಣ ಅದಕ್ಕಿಲ್ಲ. ಅರ್ಧ ಕಿಲೋಮೀಟರ್ ಆಚೀಚೆ ಆದರೆ ಬಾವಿಯ ಹಣೆಬರಹವೇ ಬೇರೆ.

‘ಸ್ಯಾಟಲೈಟ್ ಡೇಟಾ ಇದೆಯಲ್ಲ, ಎಐಗೆ ಹಾಕಿದ್ರೆ ಆಯ್ತಪ್ಪ’ ಅಂದ ನನ್ನ ಸಹೋದ್ಯೋಗಿಯೊಬ್ಬ. ಸ್ಯಾಟಲೈಟಿಗೆ ಕಾಣೋದು ನೆಲದ ಚರ್ಮ ಮಾರಾಯಾ. ಐನೂರು ಮೀಟರ್ ಕೆಳಗಿನ ಸೀಳನ್ನು ತಿಳಿಯಬೇಕಾದರೆ ಯಾರೋ ಒಬ್ಬರು ಹಳ್ಳದ ದಂಡೆಯಲ್ಲಿ ದಿಕ್ಸೂಚಿ ಹಿಡಿದು ನಡೀಬೇಕು, ಬಾವಿ ಕೊರೀಬೇಕು, ಮೇಲೆ ಬಂದ ಕಲ್ಲಿದ್ದಲಿನ ತುಂಡನ್ನು ತಡಮಾಡದೆ ಗಾಳಿಯಾಡದ ಡಬ್ಬಿಗೆ ಹಾಕಿ ಎಷ್ಟು ಅನಿಲ ಬಿಡುತ್ತೆ ಅಂತ ಅಳೀಬೇಕು. ಬಯಲಲ್ಲಿಟ್ಟರೆ ಉತ್ತರ ಗಾಳಿಗೆ ಹೋಯ್ತು.

ನಕ್ಷೆಗಳೇ ಇಲ್ಲ ಅಂತ ನಾನು ಹೇಳ್ತಿಲ್ಲ. 1851ರಲ್ಲಿ ಜಿಯಾಲಾಜಿಕಲ್ ಸರ್ವೆ ಹುಟ್ಟಿದ್ದೇ ಮುಖ್ಯವಾಗಿ ಕಲ್ಲಿದ್ದಲು ಹುಡುಕೋದಕ್ಕೆ. ಆದರೆ ಆ ಪರಂಪರೆಯ ಬಹುಪಾಲು ನಕ್ಷೆಗಳು ಕೇಳಿದ ಪ್ರಶ್ನೆ ಬೇರೆ: ಎಷ್ಟು ಟನ್ ಸಿಗುತ್ತೆ, ಬೂದಿ ಎಷ್ಟು? ಅನಿಲದ ಪ್ರಶ್ನೆಯನ್ನು ಈಗ ಆಯ್ದ ಕೆಲವು ಬಾವಿಗಳಲ್ಲಿ ಕೇಳ್ತಾರೆ. ಕೆಲವು ಸಾಲದು.

‘ದೇಶಕ್ಕೆ ಇವತ್ತೇ ಅನಿಲ ಬೇಕು, ನಕ್ಷೆ ಮಾಡ್ತಾ ಕೂತರೆ ಆಯ್ತಾ?’ ಅನ್ನೋ ವಾದ ಕೇಳಿದ್ದೀನಿ. ಅವಸರದಲ್ಲಿ ಕೊರೆದ ಬಾವಿ ಒಣಗಿದರೆ ಆ ‘ಇವತ್ತು’ ಐದು ವರ್ಷ ಮುಂದಕ್ಕೆ ಹೋಗುತ್ತೆ. ಅಷ್ಟರಲ್ಲಿ ಹೊರಹಾಕಿದ ನೀರು ಎಲ್ಲಿಂದ ಬಂತು, ಪಕ್ಕದ ಹಳ್ಳಿಯ ಬಾವಿಗೂ ಅದಕ್ಕೂ ನಂಟಿದೆಯಾ ಅಂತ ಕೇಳಿದರೆ ಆಗಲೂ ಬೇಕಾಗೋದು ಅದೇ ನಕ್ಷೆ.

ಇದು ಬರೀ ದುಡ್ಡಿನ ಮಾತೂ ಅಲ್ಲ. ಇದೇ ಮೀಥೇನನ್ನು ಗಣಿಯೊಳಗಿನವರು ಸಾವು ಅಂತ ಬಲ್ಲರು. 1965ರ ಮೇ 28ರಂದು ಧೋರಿ ಗಣಿಯಲ್ಲಿ ಸ್ಫೋಟವಾಗಿ 268 ಕಾರ್ಮಿಕರು ಸತ್ತರು. ಗಣಿ ತೋಡುವ ಮುಂಚೆ ಅನಿಲ ಹೀರಿದರೆ ಇಂಧನವೂ ಸಿಕ್ಕಿತು, ಕಾರ್ಮಿಕನ ಅಪಾಯವೂ ಇಳಿಯಿತು. ಹೀರದೆ ತೋಡಿದರೆ ಅದು ಆಕಾಶಕ್ಕೆ ಹೋಗಿ, ಇಪ್ಪತ್ತು ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಭೂಮಿಯನ್ನು ಕಾಯಿಸುತ್ತೆ. ತನ್ನ ಗಣಿ ಗುತ್ತಿಗೆ ಜಾಗದಲ್ಲಿ ಸಿಬಿಎಂ ತೆಗೆಯಲು ಕೋಲ್ ಇಂಡಿಯಾಕ್ಕೆ ಪ್ರತ್ಯೇಕ ಪರವಾನಗಿ ಬೇಡ ಅಂತ 2018ರಲ್ಲೇ ಆಯಿತು. ಕಾಗದದ ಅಡ್ಡಿ ತೆಗೆದದ್ದು ಒಳ್ಳೇದು. ಕಲ್ಲಿನ ಅಡ್ಡಿ ಆದೇಶಕ್ಕೆ ಬಗ್ಗೋದಿಲ್ಲ.

ಕರ್ನಾಟಕದ ನೆಲದಲ್ಲಿ ಈ ಕಲ್ಲಿದ್ದಲು ಇಲ್ಲ, ನಮಗ್ಯಾಕೆ ಅಂತೀರಾ? ರಾಯಚೂರಿನ ಶಕ್ತಿನಗರಕ್ಕೆ ಸಿಂಗರೇಣಿಯಿಂದ ರೈಲು ಬರದಿದ್ದರೆ ನಮ್ಮ ಲ್ಯಾಪ್‌ಟಾಪ್ ಚಾರ್ಜಿನ ಕಥೆ ಏನಾಗುತ್ತೆ ಯೋಚಿಸಿ.

ನನ್ನ ಬೇಡಿಕೆ ಎರಡೇ. ಬ್ಲಾಕ್ ಹರಾಜಿಗಿಡುವ ಮುಂಚೆ ಅನಿಲದ ಪ್ರಶ್ನೆ ಕೇಳಿದ ನಕ್ಷೆ ತಯಾರಿರಲಿ, ಅದು ಎಲ್ಲರಿಗೂ ಸಿಗಲಿ. ಹೊಸ ಭೂಗತ ಗಣಿಗೆ ಒಪ್ಪಿಗೆ ಕೊಡುವಾಗ ‘ಇಲ್ಲಿನ ಅನಿಲಕ್ಕೆ ಏನು ಮಾಡ್ತೀರಿ?’ ಅನ್ನೋ ಪ್ರಶ್ನೆಗೆ ಆ ನಕ್ಷೆಯ ಮೇಲೆಯೇ ಉತ್ತರ ಬರೆಸಿಕೊಳ್ಳಲಿ. ಇನ್ನು ನೀವು, ಮುಂದಿನ ಸಲ ಯಾರಾದರೂ 92 ಲಕ್ಷ ಕೋಟಿ ಅಂದಾಗ, ಹೂಡಿಕೆದಾರರು ಕೇಳೋ ಹಾಗೆ ಕೇಳಿ: ಸರಿ ಸಾರ್, ನಕ್ಷೆ ತೋರಿಸಿ.