83 ಎಕ್ಸ್ ಝೂಮ್ ಬೇಕಾ, ಬ್ಯಾಡಾ? | ನಮ್ಮೂರ ಕ್ಯಾಮೆರಾ, ಭಾಗ 4

1/4
ವಾರಕ್ಕೆ ಎರಡು ಸಲವಾದರೂ ಡಿಎಂನಲ್ಲಿ ಬರೋ ಪ್ರಶ್ನೆ: “ಅಣ್ಣಾ, ಡಿಎಸ್‌ಎಲ್‌ಆರ್‌ಗೆ ರೊಕ್ಕ ಸಾಲಂಗಿಲ್ಲ. ಸೆಕೆಂಡ್ ಹ್ಯಾಂಡ್ ನಿಕಾನ್ ಪಿ900 ಸಿಕ್ಕೈತಿ, ತಗೊಳ್ಳಲೇನು?”

ಹಗಲು ಹೊತ್ತು ದೂರ ನಿಂತು ಹಕ್ಕಿ, ಪ್ರಾಣಿ ತೆಗೆಯೋ ತಾಳ್ಮೆ ಇದ್ದರೆ ತಗೊಳ್ರಿ. ಜಾತ್ರಿ, ಮದುವಿ, ರಾತ್ರಿ ಫೋಟೊಕ್ಕಾದರೆ ಬ್ಯಾಡ. ನಮ್ಮ ಮಾವನ ಪಿ900 ಒಂದು ವರ್ಷದಿಂದ ನನ್ನ ಕೈಯಾಗೇ ಐತಿ. ಬಳಸಿಯೇ ಹೇಳ್ತಿದೀನಿ.

2/4
2015ರಲ್ಲಿ ಬಂದ ಕ್ಯಾಮೆರಾ ಇದು. 83 ಎಕ್ಸ್, 2000 ಎಂಎಂ ಅಂತ ಹೆಸರು. ಆದರೆ ಲೆನ್ಸ್ ನಿಜವಾಗಿ 357 ಎಂಎಂ ಅಷ್ಟೇ. ಉಳಿದದ್ದು ಸಣ್ಣ ಸೆನ್ಸರಿನ ಲೆಕ್ಕ. ಅದು ದೃಶ್ಯದ ನಡುವಿನ ಒಂದು ಚೂರನ್ನಷ್ಟೇ ಹಿಡಿಯೋದರಿಂದ ಹಕ್ಕಿ ಹತ್ತಿರ ಬಂದಂಗ ಕಾಣ್ತೈತಿ. ಸಾಮಾನ್ಯ ಡಿಎಸ್‌ಎಲ್‌ಆರ್ ಸೆನ್ಸರ್ ಇದಕ್ಕಿಂತ ಸುಮಾರು 12 ಪಟ್ಟು ದೊಡ್ಡದು.

ಅಂದರೆ ಝೂಮ್ ಕೊಡೋದೂ ಆ ಸಣ್ಣ ಸೆನ್ಸರೇ, ಕತ್ತಲಾದಾಗ ಕೈಕೊಡೋದೂ ಅದೇ. ಪೂರ್ತಿ ಝೂಮ್‌ನಲ್ಲಿ ಅಪರ್ಚರ್ ಎಫ್ 6.5ಕ್ಕೆ ಇಳಿತೈತಿ. ಗವಿಮಠದ ಜಾತ್ರಿಯಲ್ಲಿ ಹೊತ್ತು ಮುಳುಗೋ ಸಮಯಕ್ಕೆ ತೇರಿನ ಕಳಸ ತೆಗೆದೆ. ಐಎಸ್‌ಒ ಏರಿ, ಫೋಟೊ ತುಂಬಾ ರವೆ ಚೆಲ್ಲಿದಂಗಿತ್ತು. ತೆಪ್ಪೋತ್ಸವಕ್ಕೆ ನಿಮ್ಮ ಫೋನೇ ವಾಸಿ. ಪಿ900ರಲ್ಲಿ ರಾ ಫೈಲ್ ಕೂಡ ಇಲ್ಲ. ಅದು ಬೇಕಂದರೆ 2020ರ ಪಿ950 ನೋಡ್ರಿ.

3/4
ಬಿಸಿಲಿದ್ದರೆ ಸಾಕು ಅನ್ಕೋಬ್ಯಾಡ್ರಿ. ಏಪ್ರಿಲ್ ಮಧ್ಯಾಹ್ನ ದೂರದ ರಸ್ತೆಯಿಂದ ಅಂಜನಾದ್ರಿಯ ಮೆಟ್ಟಿಲಿಗೆ ಝೂಮ್ ಹಾಕಿದರೆ ಎಲ್ಲಾ ನೀರಾಗ ಅಲುಗಾಡಿದಂಗ ಬರ್ತೈತಿ. ತಪ್ಪು ಲೆನ್ಸಿನದಲ್ಲ. ಕಾದ ಬಂಡೆಗಳಿಂದ ಏಳೋ ಬಿಸಿಗಾಳಿ ನಡುವೆ ಐತಿ. ಎಷ್ಟು ದುಬಾರಿ ಕ್ಯಾಮೆರಾ ತಂದರೂ ಅದನ್ನ ದಾಟಂಗಿಲ್ಲ. ಬೆಳಗ್ಗೆ ಏಳಕ್ಕೆ ಹೋಗ್ರಿ.

ಅದೇ ಬೆಳಗಿನ ಬೆಳಕಲ್ಲಿ ಇಟಗಿಯ ಮಹಾದೇವ ದೇವಾಲಯಕ್ಕೆ ಹೋದರೆ, 1112ರ ಶಿಖರದ ಮೇಲಿನ ಕೆತ್ತನೆ ನೆಲದ ಮೇಲೆ ನಿಂತೇ ಸಿಗ್ತೈತಿ. ಹತ್ತೋದು ಬ್ಯಾಡ, ಮುಟ್ಟೋದು ಬ್ಯಾಡ. ಕೈ ನಡುಗಿದರೆ ಗೋಡೆಗೋ ಬೈಕಿನ ಸೀಟಿಗೋ ಆನಿಸಿ, ಶಟರ್ 1/500 ಇಡ್ರಿ.

4/4
ಈಗ ಮೊದಲನೇ ಸ್ಲೈಡಿನ ಟಿಟ್ಟಿಭದ ಕಥಿ.

ಎರಡು ವರ್ಷದ ಹಿಂದೆ ಕುಷ್ಟಗಿ ಕಡೆ ಒಂದು ಎರೆಹೊಲದಲ್ಲಿ ಇದೇ ಜಾತಿಯ ಹಕ್ಕಿ ಮೊಟ್ಟೆ ಇಟ್ಟಿತ್ತು. ಗೂಡಿಲ್ಲ, ಬರೀ ನೆಲ. ನನ್ನ ಹತ್ತಿರ ಆಗ ಫೋನ್ ಮಾತ್ರ. ನಾಲ್ಕು ಹೆಜ್ಜೆ, ಮತ್ತೆ ನಾಲ್ಕು ಹೆಜ್ಜೆ ಅಂತ ಹತ್ತಿರ ಹೋದೆ. ತಲೆ ಮೇಲೆ ಹಕ್ಕಿ ಚೀರಾಡ್ತಿತ್ತು. ನಾನು ಅದನ್ನೇ ರೀಲ್ ಮಾಡಿದೆ. ಸುಡೋ ಬಿಸಿಲಲ್ಲಿ ಅದು ಮೊಟ್ಟೆಗೆ ನೆರಳಾಗಿ ಕೂತಿರೋದು ಅಂತ ನನಗೆ ಆಮೇಲೆ ತಿಳೀತು. ಲೈಕ್ ಭಾಳ ಬಂದವು. ವಾರ ಬಿಟ್ಟು ಹೋದಾಗ ಅಲ್ಲಿ ಹಕ್ಕಿ ಇರಲಿಲ್ಲ. ನನ್ನಿಂದಲೇ ಹಂಗಾಯ್ತಾ, ಗೊತ್ತಿಲ್ಲ. ಆ ರೀಲ್ ಅಳಿಸಿದೆ.

ಈ ವರ್ಷದ ಫೋಟೊ ಬದುವಿನ ಆಚೆ ಬೇವಿನ ಗಿಡದ ಕೆಳಗೆ ಕೂತು ತೆಗೆದದ್ದು. ಹಕ್ಕಿ ಮೊಟ್ಟೆ ಬಿಟ್ಟು ಏಳಲೇ ಇಲ್ಲ. ಫೋಟೊ ಸ್ವಲ್ಪ ಮಸುಕು. ಇರಲಿ.

ತುಂಗಭದ್ರೆಯಲ್ಲಿ ನೀರುನಾಯಿಗಳಿಗಾಗಿ 2015ರಲ್ಲೇ ಸಂರಕ್ಷಿತ ಪ್ರದೇಶ ಮಾಡ್ಯಾರ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಧಾಮ ಐತಿ. ಇವೆಲ್ಲ ನಮ್ಮ ಜಿಲ್ಲೆಯ ಆಸ್ತಿ. ಝೂಮ್ ಇರೋದು ಇವುಗಳಿಂದ ದೂರ ಇರಾಕ. ಝೂಮ್ ಇದ್ದೂ ಹತ್ತಿರ ಹೋಗೋರಿಗೆ ಆ ಕ್ಯಾಮೆರಾ ದಂಡ.

ಕೊನೇ ಮಾತು: ಅಪ್ಪನ ಹತ್ತಿರ ಹಠ ಮಾಡಿ, ಸಾಲ ಮಾಡಿಸಿ ತಗೋಬ್ಯಾಡ್ರಿ. ಮೊದಲು ಗೆಳೆಯರ ಕ್ಯಾಮೆರಾ ಒಂದು ದಿನ ಕೇಳಿ ತಗೊಂಡು, ಮನಿ ಮುಂದಿನ ಕಾಗಿಗೆ ಪೂರ್ತಿ ಝೂಮ್ ಹಾಕಿ ನೋಡ್ರಿ. ಸಂಜೀಗೂ ಒಂದ್ಸಲ ನೋಡ್ರಿ. ಆಮೇಲೂ ಬೇಕನಿಸಿದರೆ ನನಗೆ ಮೆಸೇಜ್ ಮಾಡ್ರಿ, ಕೂತು ಮಾತಾಡೋಣ.

#ನಮ್ಮಕೊಪ್ಪಳ #ದೂರನಿಂತುನೋಡು